ಬಾಗಿದಾಗ ಕಾಣುವ ಬಟ್ಟೆ

ವ್ಯಾಂಕೂವರ್ ಪೇಟೆಯ ಅಂಗಡಿಯೊಂದರ ಟ್ರಯಲ್ ರೂಮಿನಲ್ಲಿ ಕನ್ನಡಿಯ ಮುಂದೆ ನೆಟ್ಟಗೆ ನಿಂತಿದ್ದೆ. ಹಾಕಿಕೊಂಡಿದ್ದ ಕಪ್ಪು ಟೈಟ್ಸ್ ಚೆನ್ನಾಗಿಯೇ ಕಂಡಿತು. ಪರದೆಯ ಆಚೆಯಿಂದ ಮಗಳು ಕೂಗಿದಳು: "ಅಮ್ಮಾ, ನಿಂತು ನೋಡಬೇಡ. ಬಗ್ಗಿ ನೋಡು." ಬಗ್ಗಿದೆ. ಕೈ ಪಾದ ಮುಟ್ಟುವಷ್ಟರಲ್ಲಿ ಸೊಂಟದ ಪಟ್ಟಿ ಎರಡು ಬೆರಳು ಕೆಳಗೆ ಜಾರಿತ್ತು. ಮಂಡಿಯ ಮೇಲೆ ಕಪ್ಪು ಬಣ್ಣ ಬೂದಿಯಾಗಿತ್ತು. ಬಿಚ್ಚಿ, ಮಡಚಿ, ವಾಪಸು ಕೊಟ್ಟೆ.

ಮೈಸೂರಿನವಳು ಯೋಗದ ಬಟ್ಟೆ ಕೊಳ್ಳಲು ಕೆನಡಾಕ್ಕೆ ಹೋಗಬೇಕೇ ಎಂದು ಊರಿಗೆ ಬಂದ ಮೇಲೆ ಗೆಳತಿಯೊಬ್ಬಳು ಕೇಳಿದಳು. ಕೇಳಬೇಕಾದ ಪ್ರಶ್ನೆಯೇ. 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸುತ್ತಿದ್ದರು. ಅವರು 'ಯೋಗ ಮಕರಂದ'ವನ್ನು 1934ರಲ್ಲಿ ಬರೆದದ್ದು ಕನ್ನಡದಲ್ಲಿ. 1938ರಲ್ಲಿ ತೆಗೆದ ಮೂಕಚಿತ್ರವೊಂದು ಉಳಿದಿದೆ. ಅದರಲ್ಲಿ ಆಚಾರ್ಯರೂ ಅವರ ಭಾವಮೈದುನ, ಕೋಲಾರ ಸೀಮೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರೂ ಆಸನ ಹಾಕುವುದು ಒಂದು ಲಂಗೋಟಿಯಲ್ಲಿ. ಮೈ ಬಾಗಿದರೆ ಬಟ್ಟೆ ಅಡ್ಡ ಬರಬಾರದು ಎಂಬುದಕ್ಕೆ ಅದಕ್ಕಿಂತ ನೇರವಾದ ಉತ್ತರವಿಲ್ಲ. ಮುಂದೆ ಅಯ್ಯಂಗಾರರು ಪುಣೆಯಲ್ಲಿ ನೆಲೆಸಿದ ಮೇಲೆ ಅವರ ಶಾಲೆಯಲ್ಲಿ ತೊಡೆಗೆ ಎಲಾಸ್ಟಿಕ್ ಹಾಕಿದ ಗಿಡ್ಡ ಚಡ್ಡಿ ರೂಢಿಗೆ ಬಂತು. ತಲೆಕೆಳಗಾದಾಗ ಅದು ಜಾರುವುದಿಲ್ಲ. ಕಲಿಸುವವರಿಗೆ ಶಿಷ್ಯರ ಮಂಡಿಯ ಚಿಪ್ಪೂ ತೊಡೆಯ ಸ್ನಾಯುವೂ ಕಾಣುತ್ತವೆ.

ನಮ್ಮ ಹೆಂಗಸರ ಕಚ್ಚೆ ಸೀರೆಯನ್ನೂ ಇಲ್ಲಿ ನೆನೆಯುತ್ತೇನೆ. ಉತ್ತರ ಕರ್ನಾಟಕದಲ್ಲಿ ಇಳಕಲ್ ಸೀರೆಯನ್ನು ಕಚ್ಚೆ ಹಾಕಿ ಉಟ್ಟು ಹೊಲದಲ್ಲಿ ಬಗ್ಗಿ ಕಳೆ ಕೀಳುವವರನ್ನು ನೋಡಿ. ಕಾಲೆರಡೂ ಬೇರೆಬೇರೆ ಚಲಿಸುತ್ತವೆ, ತೊಡೆಸಂದಿನಲ್ಲಿ ಬಟ್ಟೆ ಎಲ್ಲಿಯೂ ಎಳೆಯುವುದಿಲ್ಲ. ಒಂದು ಹೊಲಿಗೆಯೂ ಇಲ್ಲದೆ ಸಾಧಿಸಿದ ಈ ಸಲೀಸನ್ನೇ ಇವತ್ತಿನ ಯೋಗದ ಪ್ಯಾಂಟುಗಳು ತೊಡೆಸಂದಿಗೆ ಒಂದು ವಜ್ರಾಕಾರದ ತುಂಡು ಕೂಡಿಸಿ ಸಾಧಿಸುತ್ತವೆ. ನಾಲ್ಕು ಹೊಲಿಗೆಗಳು ಒಂದೇ ಬಿಂದುವಿನಲ್ಲಿ ಕೂಡಿದರೆ ಕಾಲು ಅಗಲಿಸಿದಾಗ ಸೆಳೆತವೆಲ್ಲ ಆ ಬಿಂದುವಿನ ಮೇಲೇ ಬೀಳುತ್ತದೆ. ತುಂಡು ಸೇರಿಸಿದರೆ ಸೆಳೆತ ಹರಡಿಹೋಗುತ್ತದೆ.

ಆದರೆ ಕಚ್ಚೆಗೂ ಲಂಗೋಟಿಗೂ ನನ್ನ ತಲೆಮಾರು ದೂರ. ನಾನು ಆಸನ ಕಲಿತದ್ದು ಹತ್ತಿಯ ಸಲ್ವಾರ್ ಕಮೀಜಿನಲ್ಲಿ. ಸರ್ವಾಂಗಾಸನಕ್ಕೆ ಕಾಲೆತ್ತಿದರೆ ಸಲ್ವಾರ್ ಮಂಡಿಗೆ ಇಳಿಯುತ್ತಿತ್ತು. ಅಧೋಮುಖ ಶ್ವಾನಾಸನದಲ್ಲಿ ಕಮೀಜು ಮುಖಕ್ಕೆ ಬರುತ್ತಿತ್ತು. ಒಂದು ಕೈ ಬಟ್ಟೆಯ ಕಾವಲಿಗೇ ಹೋಗುತ್ತಿತ್ತು. ಗಂಡಸರಿಗೆ ಇದ್ದ ನಿರಾಳ ನಮಗೆ ವರ್ಷಗಟ್ಟಲೆ ಸಿಗಲಿಲ್ಲ ಎಂದು ಈಗ ನೆನೆದರೆ ಬೇಸರವೇ ಆಗುತ್ತದೆ. ಮೈಗಂಟಿ ನಿಲ್ಲುವ ಬಟ್ಟೆಯನ್ನು ಮೊದಲ ಬಾರಿ ತೊಟ್ಟಾಗ ಉಸಿರಿನ ಕಡೆಗೆ ಗಮನ ಹೋಯಿತು. ಹಾಗಾಗಿ ಒಳ್ಳೆಯ ಬಟ್ಟೆಯನ್ನು ಶೋಕಿ ಎಂದು ತಳ್ಳಿಹಾಕಲು ನನ್ನಿಂದಾಗದು.

ಆ ಬಟ್ಟೆಯ ಕಥೆಗೂ ವ್ಯಾಂಕೂವರಿಗೂ ನಂಟಿದೆ. ಸರ್ಫಿಂಗ್, ಸ್ನೋಬೋರ್ಡಿಂಗ್ ಉಡುಪಿನ ವ್ಯಾಪಾರದಲ್ಲಿದ್ದ ಚಿಪ್ ವಿಲ್ಸನ್ ಯೋಗ ತರಗತಿಯೊಂದಕ್ಕೆ ಸೇರಿದರು. ಬೆವರು ಹರಿಯುವ ಆ ಅಭ್ಯಾಸಕ್ಕೆ ಹತ್ತಿಯ ಬಟ್ಟೆ ಒಗ್ಗುವುದಿಲ್ಲ ಎಂದು ಅವರಿಗೆ ಅಲ್ಲಿ ಅನಿಸಿತು. 1998ರಲ್ಲಿ ಅವರ ಲುಲುಲೆಮನ್ ಕಂಪನಿ ಶುರುವಾಯಿತು. ಹಗಲು ವಿನ್ಯಾಸದ ಕೋಣೆ, ಸಂಜೆ ಅದೇ ಜಾಗ ಯೋಗದ ತರಗತಿ. 2000ದಲ್ಲಿ ಕಿಟ್ಸಿಲಾನೊ ಬಡಾವಣೆಯ ವೆಸ್ಟ್ ಫೋರ್ತ್ ಅವೆನ್ಯೂನಲ್ಲಿ ಅಂಗಡಿ ತೆರೆಯಿತು. ಈಗ ನಮ್ಮ ಮೈಸೂರಿನ ಗೋಕುಲಂನ ಎಳನೀರು ಗಾಡಿಯ ಮುಂದೆ ಬೆಳಗಿನ ಅಭ್ಯಾಸ ಮುಗಿಸಿ ನಿಲ್ಲುವ ವಿದೇಶಿ ವಿದ್ಯಾರ್ಥಿಗಳು ತೊಟ್ಟಿರುವುದು ಬಹುಪಾಲು ಈ ಬಗೆಯ ಉಡುಪನ್ನೇ. ಪಟ್ಟಾಭಿ ಜೋಯಿಸರು 1948ರಲ್ಲಿ ಸ್ಥಾಪಿಸಿದ ಸಂಸ್ಥೆಯ ಅಷ್ಟಾಂಗ ಕ್ರಮವನ್ನು ಕಲಿಯಲು ಬರುವ ಅವರು ಪಾಠವನ್ನು ನಮ್ಮೂರಿನಿಂದ ಒಯ್ಯುತ್ತಾರೆ. ಬಟ್ಟೆಯನ್ನು ತಮ್ಮೂರಿನಿಂದ ತರುತ್ತಾರೆ.

ಹತ್ತಿಯ ಬಗ್ಗೆ ವಿಲ್ಸನ್ ಅಂದುಕೊಂಡದ್ದು ಎಷ್ಟು ಸರಿ? ಸಾಧಾರಣ ಹವೆಯಲ್ಲಿ ಹತ್ತಿ ತನ್ನ ಒಣತೂಕದ ಸುಮಾರು 8.5% ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ನೈಲಾನ್ ಸುಮಾರು 4%, ಪಾಲಿಯೆಸ್ಟರ್ ಬರೀ 0.4%. ಬೆವರು ಕುಡಿದ ಹತ್ತಿ ಭಾರವಾಗಿ ಜೋಲುತ್ತದೆ, ಬೇಗ ಒಣಗುವುದಿಲ್ಲ. ಪಾಲಿಯೆಸ್ಟರ್ ಬೇಗ ಒಣಗುತ್ತದೆ, ವಾಸನೆಯನ್ನು ಮಾತ್ರ ಬಿಡುವುದಿಲ್ಲ. ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದ ಸಂಶೋಧಕರು 26 ಜನರಿಗೆ ಟೀ ಶರ್ಟ್ ತೊಡಿಸಿ ಬೆವರುವಂತೆ ಸೈಕಲ್ ತುಳಿಸಿ, 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಹತ್ತಿಗಿಂತ ಪಾಲಿಯೆಸ್ಟರ್ ಶರ್ಟುಗಳೇ ಹೆಚ್ಚು ನಾತ ಹೊಡೆಯುತ್ತಿದ್ದವು. ವಾಸನೆ ಹುಟ್ಟಿಸುವ ಬ್ಯಾಕ್ಟೀರಿಯಾ ಆ ನೂಲಿನ ಮೇಲೆ ಚೆನ್ನಾಗಿ ಬೆಳೆಯುತ್ತವೆ. ಒಳ್ಳೆಯ ಟೈಟ್ಸ್ ಹೆಚ್ಚಾಗಿ ನೈಲಾನಿನದಾಗಿರುವುದಕ್ಕೆ ಅದರ ನುಣುಪೂ ಗಟ್ಟಿತನವೂ ಕಾರಣ. ನಿಧಾನವಾಗಿ ಉಸಿರಾಡುತ್ತ ಕೂರುವ ಅಭ್ಯಾಸ ನಿಮ್ಮದಾದರೆ ಹತ್ತಿಯನ್ನು ಬಿಡುವ ಅಗತ್ಯವೇ ಇಲ್ಲ. ಒಂದು ಮುಷ್ಟಿ ಸ್ಟ್ರೆಚ್ ನೂಲು ಬೆರೆತ ಹತ್ತಿ ಸಾಕು.

ಹಿಗ್ಗುವ ಗುಣ ಬರುವುದು ಆ ಬೆರಕೆಯ ನೂಲಿನಿಂದ. ಚೀಟಿಯ ಮೇಲೆ ಎಲಾಸ್ಟೇನ್, ಸ್ಪಾಂಡೆಕ್ಸ್, ಲೈಕ್ರಾ ಎಂದೆಲ್ಲ ಬರೆದಿರುವುದು ಒಂದನ್ನೇ. ಅಮೆರಿಕದ ಡ್ಯೂಪಾಂಟ್ ಕಂಪನಿಯ ರಸಾಯನಶಾಸ್ತ್ರಜ್ಞ ಜೋಸೆಫ್ ಶೈವರ್ಸ್ 1958ರಲ್ಲಿ ಅದನ್ನು ರೂಪಿಸಿದರು. ಹೆಂಗಸರ ಬಿಗಿ ಒಳಉಡುಪಿನಲ್ಲಿ ಬಳಸುತ್ತಿದ್ದ ರಬ್ಬರಿಗೆ ಬದಲಿ ಹುಡುಕುತ್ತಿದ್ದ ಕಾಲ ಅದು. ಆ ನೂಲಿನ ಅಣುಸರಪಳಿಯಲ್ಲಿ ಮೆದು ಭಾಗ, ಗಟ್ಟಿ ಭಾಗ ಒಂದಾದ ಮೇಲೊಂದು ಬರುತ್ತವೆ. ಮೆದು ಭಾಗ ಸುರುಳಿ ಬಿಚ್ಚಿ ಹಿಗ್ಗುತ್ತದೆ, ಬಿಟ್ಟ ಕೂಡಲೇ ಮತ್ತೆ ಸುರುಳಿಯಾಗುತ್ತದೆ; ಗಟ್ಟಿ ಭಾಗ ಸರಪಳಿಗಳು ಜಾರಿಹೋಗದಂತೆ ಹಿಡಿದಿಡುತ್ತದೆ. ತನ್ನ ಉದ್ದದ ಐದು ಪಟ್ಟು ಹಿಗ್ಗಿಯೂ ಅದು ಮರಳಿ ಬರಬಲ್ಲದು. ನಾವು ಹಣ ಕೊಡುವುದು ಈ ಮರಳುವಿಕೆಗೆ. ಹಿಗ್ಗುವುದನ್ನು ಕಳಪೆ ಬಟ್ಟೆಯೂ ಮಾಡುತ್ತದೆ.

2013ರ ಮಾರ್ಚಿನಲ್ಲಿ ಲುಲುಲೆಮನ್ ಕಪ್ಪು ಪ್ಯಾಂಟುಗಳನ್ನು ಅಂಗಡಿಗಳಿಂದ ವಾಪಸು ಪಡೆಯಬೇಕಾಯಿತು. ಮಾರಾಟದಲ್ಲಿದ್ದ ಮಹಿಳೆಯರ ಪ್ಯಾಂಟುಗಳಲ್ಲಿ ಸುಮಾರು 17% ಅವೇ. ನಿಂತಾಗ ಏನೂ ಕಾಣದಿದ್ದ ಬಟ್ಟೆ ಬಗ್ಗಿದಾಗ ಒಳಗಿನದನ್ನೆಲ್ಲ ತೋರಿಸುತ್ತಿತ್ತು. ಅದೇ ವರ್ಷದ ನವೆಂಬರಿನಲ್ಲಿ ವಿಲ್ಸನ್ ಟಿವಿ ಸಂದರ್ಶನವೊಂದರಲ್ಲಿ ಕೆಲವು ಹೆಂಗಸರ ಮೈಗೆ ಆ ಪ್ಯಾಂಟು ಹೊಂದುವುದಿಲ್ಲ ಎಂಬ ಮಾತಾಡಿದರು. ಡಿಸೆಂಬರಿನಲ್ಲಿ ಅವರು ಕಂಪನಿಯ ಅಧ್ಯಕ್ಷ ಸ್ಥಾನ ಬಿಡುತ್ತಿರುವುದಾಗಿ ಪ್ರಕಟವಾಯಿತು. ಬಟ್ಟೆಯ ದೋಷವನ್ನು ತೊಟ್ಟವರ ತೊಡೆಯ ಮೇಲೆ ಹೊರಿಸಿದ್ದು ಅನ್ಯಾಯ. ದರ್ಜಿಯ ಅಳತೆ ತಪ್ಪಿದರೆ ಮೈಯನ್ನು ಬೈಯುವವರುಂಟೇ?

ಮಗಳ ಮಾತು ಎಷ್ಟು ಸರಿಯೆಂದು ನನಗೆ ಮನವರಿಕೆಯಾದದ್ದು ಈ ಪ್ರಕರಣವನ್ನು ಓದಿದಾಗ. ಅಂದಿನಿಂದ ಟ್ರಯಲ್ ರೂಮಿನಲ್ಲಿ ಸಂಕೋಚ ಬಿಟ್ಟಿದ್ದೇನೆ. ಮೊದಲು ತೊಡದೆಯೇ ಬಟ್ಟೆಯೊಳಗೆ ಮುಷ್ಟಿ ತೂರಿಸಿ ಬೆಳಕಿಗೆ ಹಿಡಿದು ಬಿಗಿಯುತ್ತೇನೆ. ಬೆರಳ ಗೆಣ್ಣಿನ ಬಣ್ಣ ಕಂಡರೆ ಆ ಬಟ್ಟೆ ಬೇಡ. ಅಡ್ಡಕ್ಕೂ ಉದ್ದಕ್ಕೂ ಎಳೆದು ಬಿಡುತ್ತೇನೆ. ಎಳೆದ ಜಾಗದಲ್ಲಿ ಸುಕ್ಕು ನಿಂತರೆ ಆರು ತಿಂಗಳಲ್ಲಿ ಮಂಡಿ ಚೀಲವಾಗುತ್ತದೆ. ಆಮೇಲೆ ಒಳಮಗ್ಗುಲು ಹೊರಗೆ ಮಾಡಿ ಹೊಲಿಗೆಯ ಮೇಲೆ ಬೆರಳಾಡಿಸುತ್ತೇನೆ. ಅಂಚುಗಳು ಒಂದರ ಮೇಲೊಂದು ಚಪ್ಪಟೆಯಾಗಿ ಕೂತಿರುವ ಫ್ಲಾಟ್‌ಲಾಕ್ ಹೊಲಿಗೆ ಚರ್ಮಕ್ಕೆ ಉಜ್ಜುವುದಿಲ್ಲ. ನಾವಾಸನದಲ್ಲಿ ಬಾಲಮೂಳೆಯ ಕೆಳಗೆ ದಪ್ಪ ಹೊಲಿಗೆ ಸಿಕ್ಕಿಕೊಂಡವರಿಗೆ ಇದರ ಬೆಲೆ ಗೊತ್ತು. ಕೊನೆಗೆ ತೊಟ್ಟು, ಬಗ್ಗಿ, ಕುಕ್ಕರಗಾಲಲ್ಲಿ ಕೂತು, ಒಂದು ಕಾಲೆತ್ತಿ ಐದು ಉಸಿರು ನಿಲ್ಲುತ್ತೇನೆ.

ಹಣದ ವಿಷಯ ಹೇಳಿಬಿಡಬೇಕು. ಹೆಸರಾಂತ ಕಂಪನಿಯ ಒಂದು ಜೊತೆ ಟೈಟ್ಸ್ ನೂರು ಕೆನಡಾ ಡಾಲರ್ ದಾಟುತ್ತದೆ. ನಾವು ಎಂಆರ್‌ಪಿ ನೋಡಿ ಕೊಟ್ಟು ಬರುವವರು. ಅಲ್ಲಿ ಚೀಟಿಯ ಬೆಲೆಗೆ ತೆರಿಗೆ ಸೇರುವುದು ಕೌಂಟರಿನಲ್ಲಿ. ವ್ಯಾಂಕೂವರಿರುವ ಬ್ರಿಟಿಷ್ ಕೊಲಂಬಿಯಾದಲ್ಲಿ 12%, ಪಕ್ಕದ ಆಲ್ಬರ್ಟಾದಲ್ಲಿ 5% ಮಾತ್ರ. ಪ್ರವಾಸಿಗರಿಗೆ ತೆರಿಗೆ ಮರಳಿಸುವ ಪದ್ಧತಿಯನ್ನು ಕೆನಡಾ 2007ರಲ್ಲೇ ನಿಲ್ಲಿಸಿತು. ಅಮೆರಿಕದ ಕಡೆ ಹೋಗುವವರಾದರೆ ಆರೆಗಾನ್‌ನಲ್ಲಿ ಮಾರಾಟ ತೆರಿಗೆಯೇ ಇಲ್ಲ. ಪೆನ್ಸಿಲ್ವೇನಿಯಾ, ನ್ಯೂಜೆರ್ಸಿಗಳಲ್ಲಿ ಬಟ್ಟೆಗೆ ವಿನಾಯಿತಿಯುಂಟು. ಕೊಳ್ಳುವುದಿದ್ದರೆ ಪ್ರವಾಸದ ಮೊದಲ ವಾರದಲ್ಲೇ ಕೊಳ್ಳಿ. ಅಲ್ಲಿನ ಅಳತೆ ಎತ್ತರದವರಿಗೆ ಮಾಡಿದ್ದು. ನನ್ನಂಥವಳಿಗೆ ಕಾಲು ಎರಡು ಇಂಚು ಉದ್ದ. ಕೆಲವು ಅಂಗಡಿಗಳು ತಾವು ಮಾರಿದ ಪ್ಯಾಂಟಿನ ಅಂಚನ್ನು ಪುಕ್ಕಟೆ ಮಡಚಿ ಹೊಲಿದುಕೊಡುತ್ತವೆ, ಅದಕ್ಕೆ ಒಂದೆರಡು ದಿನ ಬೇಕು. ಬದಲಿಸಿಕೊಳ್ಳಬಹುದು ಎಂಬ ಭರವಸೆಯೂ ವಿಮಾನ ಹತ್ತಿದ ಮೇಲೆ ಉಪಯೋಗಕ್ಕಿಲ್ಲ.

ಚೀಟಿಯಲ್ಲಿ ಬಟ್ಟೆ ಹೊಲಿದ ದೇಶದ ಹೆಸರೂ ಇರುತ್ತದೆ. ನಾನು ಕೊನೆಗೆ ಆರಿಸಿದ ಜೊತೆಯ ಮೇಲೆ ಶ್ರೀಲಂಕಾ ಎಂದಿತ್ತು. ಕೊಲಂಬೊ ಬಳಿಯ ಕಟುನಾಯಕೆಯಲ್ಲಿ 1978ರಲ್ಲಿ ರಫ್ತು ವಲಯ ಶುರುವಾದಾಗಿನಿಂದ ಆ ದೇಶದ ಹೆಣ್ಣುಮಕ್ಕಳು ಜಗತ್ತಿಗೆ ಉಡುಪು ಹೊಲಿಯುತ್ತಿದ್ದಾರೆ. ಹತ್ತಿರದ ದ್ವೀಪದಲ್ಲಿ ಹೊಲಿದದ್ದು ಶಾಂತಸಾಗರದ ಆಚೆ ದಡದಲ್ಲಿ ನನ್ನ ಕೈಗೆ ಬಂತು. ಆ ಚೀಟಿ ಓದಿದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಕಣ್ಣ ಮುಂದೆ ಬಂದರು. ಅವರೂ ಹೊರದೇಶದ ಅಂಗಡಿಗಳಿಗೇ ಹೊಲಿಯುವವರು. ಭವಿಷ್ಯನಿಧಿಯ ಹಣ ಹಿಂಪಡೆಯಲು ಕೇಂದ್ರ ಸರ್ಕಾರ ತಡೆಯೊಡ್ಡಿದ್ದರ ವಿರುದ್ಧ ಅವರು 2016ರ ಏಪ್ರಿಲ್‌ನಲ್ಲಿ ಹೊಸೂರು ರಸ್ತೆಗೆ ಇಳಿದರು. ಎರಡೇ ದಿನಗಳಲ್ಲಿ ಆ ಆದೇಶ ವಾಪಸಾಯಿತು. ಚಪ್ಪಟೆ ಹೊಲಿಗೆಯನ್ನು ಬೆರಳಿನಿಂದ ಮುಟ್ಟಿ ಮೆಚ್ಚುವಾಗ ನಾನು ಮೆಚ್ಚುತ್ತಿರುವುದು ಅಂಥದೊಂದು ಕೈಯ ಹದವನ್ನು. ಆ ಕೈಗೆ ಸಿಕ್ಕ ಕೂಲಿ ಚೀಟಿಯಲ್ಲಿ ಬರೆದಿರುವುದಿಲ್ಲ.

ಒಂದೇ ಜೊತೆ ತಂದೆ. ನಾಲ್ಕು ಸಾಧಾರಣದವು ಆ ಹಣಕ್ಕೆ ಬರುತ್ತಿದ್ದವು, ಬೇಡವೆನಿಸಿತು. ಮೂರು ವರ್ಷವಾಯಿತು, ಮಂಡಿ ಇನ್ನೂ ಬಿಗಿಯಾಗಿದೆ. ಬಿಸಿಯಾದರೆ ಆ ಹಿಗ್ಗುವ ನೂಲು ಸೋಲುತ್ತದೆ, ಆದ್ದರಿಂದ ಅದಕ್ಕೆ ಬಿಸಿನೀರಿಲ್ಲ, ಇಸ್ತ್ರಿಯಿಲ್ಲ. ಬಟ್ಟೆ ಮೆದುವಾಗಲೆಂದು ಹಾಕುವ ಕಂಡಿಷನರ್ ನೂಲಿನ ಮೇಲೆ ಪೊರೆಕಟ್ಟಿ ಬೆವರು ಹೊರಹೋಗದಂತೆ ಮಾಡುತ್ತದೆ, ಅದೂ ಇಲ್ಲ. ಅಭ್ಯಾಸ ಮುಗಿದ ಕೂಡಲೇ ಬಕೆಟ್ಟಿನ ತಣ್ಣೀರಿನಲ್ಲಿ ಜಾಲಿಸಿ, ಹಿಂಡದೆ, ಹಿತ್ತಲ ನೆರಳಿನಲ್ಲಿ ಹರವುತ್ತೇನೆ. ಶನಿವಾರ ನಮ್ಮ ಅಷ್ಟಾಂಗದ ಕ್ರಮದಲ್ಲಿ ರಜೆ, ಹರಳೆಣ್ಣೆ ಹಚ್ಚಿಕೊಳ್ಳುವ ದಿನ. ಎಣ್ಣೆ ಕೃತಕ ನೂಲಿಗೆ ಹತ್ತಿದರೆ ಬಿಡಿಸುವುದು ಕಷ್ಟ. ಅವತ್ತು ಹಳೆಯ ಹತ್ತಿಯ ಸಲ್ವಾರನ್ನೇ ಪೆಟ್ಟಿಗೆಯಿಂದ ತೆಗೆದು ತೊಡುತ್ತೇನೆ.