ರಿಮೋಟ್ ನಮ್ಮ ಕೈಯಲ್ಲಿ, ವಾಹಿನಿ ಯಾರ ಕೈಯಲ್ಲಿ?

ಅಥಣಿ ತಾಲ್ಲೂಕಿನ ಅನಂತಪುರದಂತಹ ಗಡಿಯೂರುಗಳಲ್ಲಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಅನೇಕ ಮನೆಗಳಲ್ಲಿ ಒಂದು ಸಣ್ಣ ವಾದ ಆರಂಭವಾಗುವುದುಂಟು. ಅತ್ತೆಗೆ ಕನ್ನಡದ ಧಾರಾವಾಹಿ ಬೇಕು. ಜತ್ತ ಅಥವಾ ಮೀರಜದ ಕಡೆಯಿಂದ ಬಂದ ಸೊಸೆಗೆ ಮರಾಠಿಯದು ಬೇಕು. ಮೊಮ್ಮಕ್ಕಳಿಗೆ ಇವೆರಡೂ ಬೇಡ, ಕ್ರಿಕೆಟ್ ಒಂದೇ ಸಾಕು. ಜಪಸರಕ್ಕೆ ಬನ್ನಿರೆಂದು ಕರೆಯುವ ಅಜ್ಜನ ದನಿ ಈ ಗದ್ದಲದಲ್ಲಿ ಎಷ್ಟೋ ಬಾರಿ ಕೇಳಿಸುವುದೇ ಇಲ್ಲ. ಕೊನೆಗೆ "ಇವತ್ತ ನಿಮ್ಮದು ನೋಡೂಣು, ನಾಳೆ ನಮ್ಮದು" ಎಂಬ ರಾಜಿಯೊಂದಿಗೆ ವಾದ ಮುಗಿಯುತ್ತದೆ. ಗೆದ್ದವರ ಕೈಗೆ ರಿಮೋಟ್ ಬರುತ್ತದೆ.

ಆದರೆ ಈ ವಾದದಲ್ಲಿ ನಿಜವಾಗಿ ಗೆದ್ದವರು ಮನೆಯೊಳಗೆ ಇರುವುದಿಲ್ಲ. 2024ರ ನವೆಂಬರ್ 14ರಂದು ರಿಲಯನ್ಸ್ ಸಮೂಹದ ವಯಾಕಾಮ್18 ಮತ್ತು ಡಿಸ್ನಿ ಕಂಪನಿಯ ಸ್ಟಾರ್ ಇಂಡಿಯಾ ಸಂಸ್ಥೆಗಳ ವಿಲೀನ ಪೂರ್ಣಗೊಂಡಿತು. ಅಂದಿನಿಂದ ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಮತ್ತು ಮರಾಠಿಯ ಸ್ಟಾರ್ ಪ್ರವಾಹ ಒಂದೇ ಸೂರಿನ ಕೆಳಗೆ ಬಂದವು. ಮೊಮ್ಮಕ್ಕಳು ನೋಡುವ ಐಪಿಎಲ್ ಕ್ರಿಕೆಟ್ ಸಹ ಆ ಸೂರಿನ ಕೆಳಗೇ ಇದೆ. ಅತ್ತೆ ಗೆದ್ದರೂ, ಸೊಸೆ ಗೆದ್ದರೂ, ಮಕ್ಕಳು ಹಟ ಹಿಡಿದು ಇಬ್ಬರನ್ನೂ ಸೋಲಿಸಿದರೂ ಜಾಹೀರಾತಿನ ಹಣ ಒಂದೇ ಕಣಜಕ್ಕೆ ಹೋಗಿ ಬೀಳಬಹುದು. ಭಾಷೆಯ ಗಡಿಯ ಬಗ್ಗೆ ದಶಕಗಳಿಂದ ವಾದಿಸುತ್ತ ಬಂದಿರುವ ಈ ಸೀಮೆಯ ಜನರು ಒಮ್ಮೆ ನಿಂತು ಯೋಚಿಸಬೇಕಾದ ಸಂಗತಿಯಿದು. ಬಂಡವಾಳಕ್ಕೆ ಗಡಿಯಿಲ್ಲ. ಅದಕ್ಕೆ ಕನ್ನಡವೂ ಒಂದೇ, ಮರಾಠಿಯೂ ಒಂದೇ.

ಇದು ಒಂದೇ ದಿನದಲ್ಲಿ ಆದದ್ದಲ್ಲ. ರಾಮೋಜಿ ರಾಯರ ಸಂಸ್ಥೆ 2000ದಲ್ಲಿ ಆರಂಭಿಸಿದ ಈಟಿವಿ ಕನ್ನಡ ಮುಂದೆ ಟಿವಿ18 ಸಮೂಹದ ಕೈಸೇರಿ, 2015ರಲ್ಲಿ ಕಲರ್ಸ್ ಕನ್ನಡವೆಂಬ ಹೆಸರು ಪಡೆಯಿತು. 2007ರಲ್ಲಿ ಹುಟ್ಟಿದ ಸುವರ್ಣ ವಾಹಿನಿ ಮರ್ಡೋಕ್ ಅವರ ಸ್ಟಾರ್ ಬಳಗವನ್ನು ಸೇರಿತು. ಆ ಬಳಗವೇ 2019ರಲ್ಲಿ ಅಮೆರಿಕದ ಡಿಸ್ನಿಗೆ ಮಾರಾಟವಾಯಿತು. ಮುದ್ರಣ ಮಾಧ್ಯಮವೂ ಇದಕ್ಕೆ ಹೊರತಲ್ಲ. ವಿಜಯ ಸಂಕೇಶ್ವರರು 1999ರಲ್ಲಿ ಆರಂಭಿಸಿ ಅಲ್ಪಕಾಲದಲ್ಲಿ ಮನೆಮಾತಾಗಿಸಿದ ವಿಜಯ ಕರ್ನಾಟಕ ಪತ್ರಿಕೆಯನ್ನು 2006ರಲ್ಲಿ ಟೈಮ್ಸ್ ಸಮೂಹ ಕೊಂಡುಕೊಂಡಿತು. ಓದುಗರಿಗೆ ಬೆಳಗಿನ ಪತ್ರಿಕೆಯ ಹೆಸರು ಅದೇ ಉಳಿಯಿತು, ನೋಡುಗರಿಗೆ ಸಂಜೆಯ ಧಾರಾವಾಹಿಯ ಹೊತ್ತು ಅದೇ ಉಳಿಯಿತು. ಒಡೆಯರು ಮಾತ್ರ ಬದಲಾದರು.

ದೂರದರ್ಶನವನ್ನು ಬಿಟ್ಟು ಮೊಬೈಲ್ ಫೋನಿನತ್ತ ನೋಡಿದರೆ ಅಲ್ಲಿಯೂ ಇದೇ ಕಥೆ ಇನ್ನಷ್ಟು ವೇಗವಾಗಿ ನಡೆದಿದೆ. ಅಲ್ಲಿ ಓಡಾಡುವ ಹಣಕ್ಕೆ ಸಾಹಸ ಬಂಡವಾಳವೆಂದು ಹೆಸರು. ಬ್ಯಾಂಕಿನ ಸಾಲಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ. ಬ್ಯಾಂಕು ಅಡಮಾನ ಕೇಳುತ್ತದೆ, ಕಂತು ಕಂತಾಗಿ ಬಡ್ಡಿ ಎಣಿಸುತ್ತದೆ. ಸಾಹಸ ಬಂಡವಾಳಿಗನು ಅಡಮಾನ ಕೇಳುವುದಿಲ್ಲ, ಕಂಪನಿಯಲ್ಲಿ ಪಾಲು ಕೇಳುತ್ತಾನೆ. ಹತ್ತು ಕಂಪನಿಗಳಿಗೆ ಹಣ ಹಾಕಿ, ಅವುಗಳಲ್ಲಿ ಹೆಚ್ಚಿನವು ಮುಳುಗಿದರೂ ಉಳಿದ ಒಂದೆರಡು ಹಲವು ಪಟ್ಟು ಬೆಳೆದು ನಷ್ಟವನ್ನೆಲ್ಲ ತುಂಬಿಕೊಡಲೆಂಬುದು ಅವನ ಲೆಕ್ಕ. ಆದುದರಿಂದ ಅವನಿಗೆ ನಿಧಾನವಾಗಿ ಬೆಳೆಯುವ, ಸಣ್ಣ ಲಾಭದಲ್ಲಿ ತೃಪ್ತವಾಗುವ ಸಂಸ್ಥೆ ಬೇಕಿಲ್ಲ. ಬೇಗ ಬೆಳೆದು ಮಾರುಕಟ್ಟೆಯನ್ನು ಆವರಿಸುವ ಸಂಸ್ಥೆ ಬೇಕು. ಕೆಲವು ವರ್ಷಗಳ ನಂತರ ತನ್ನ ಪಾಲನ್ನು ಮಾರಿ ಹೊರನಡೆಯುವುದಕ್ಕೆ ದಾರಿಯೂ ಬೇಕು. ವಿಲೀನವೆಂಬುದು ಆ ದಾರಿಗಳಲ್ಲಿ ಒಂದು.

ನಮ್ಮ ರಾಜಧಾನಿ ಬೆಂಗಳೂರಿನಲ್ಲಿಯೇ ಇದಕ್ಕೆ ಉದಾಹರಣೆಗಳಿವೆ. ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳ ಸುದ್ದಿಯನ್ನು ಮೊಬೈಲಿಗೆ ತಲುಪಿಸುವ ಡೈಲಿಹಂಟ್‌ನ ಮಾತೃಸಂಸ್ಥೆ ವರ್ಸ್ ಇನೋವೇಶನ್ 2022ರ ಏಪ್ರಿಲ್‌ನಲ್ಲಿ 80.5 ಕೋಟಿ ಡಾಲರ್ ಬಂಡವಾಳ ಸಂಗ್ರಹಿಸಿತು. ಅದರಲ್ಲಿ 42.5 ಕೋಟಿ ಡಾಲರ್ ಕೊಟ್ಟದ್ದು ಕೆನಡಾ ದೇಶದ ಪಿಂಚಣಿ ನಿಧಿ. ಅಥಣಿಯ ಬಸ್ ನಿಲ್ದಾಣದಲ್ಲಿ ಕುಳಿತ ಯುವಕನು ಬೆರಳಿನಿಂದ ಸರಿಸುತ್ತ ಓದುವ ಕನ್ನಡ ಸುದ್ದಿಯ ಹಿಂದೆ ಸಾಗರದಾಚೆಯ ದುಡಿಯುವ ಜನರ ಉಳಿತಾಯದ ಹಣವಿದೆ. ಅದು ತಪ್ಪೆಂದು ನಾವು ಹೇಳುತ್ತಿಲ್ಲ. ಆದರೆ ಆ ನಿಧಿಗೆ ಬೇಕಾದದ್ದು ತನ್ನ ಪಿಂಚಣಿದಾರರಿಗೆ ಕೊಡಬೇಕಾದ ಲಾಭ. ಅನಂತಪುರದ ಕುಡಿಯುವ ನೀರಿನ ಚಿಂತೆ ಅದರ ಲೆಕ್ಕದ ಪುಸ್ತಕದಲ್ಲಿ ಇರಲಾರದು.

ಇನ್ನೊಂದು ಉದಾಹರಣೆ ಶೇರ್‌ಚಾಟ್. 2015ರಲ್ಲಿ ಆರಂಭವಾದ ಇದೂ ಬೆಂಗಳೂರಿನ ಸಂಸ್ಥೆಯೇ. 2020ರ ಜೂನ್ 29ರಂದು ಕೇಂದ್ರ ಸರಕಾರ ಚೀನಾದ ಟಿಕ್‌ಟಾಕ್ ಅನ್ನು ನಿಷೇಧಿಸಿದ ಕೆಲವೇ ದಿನಗಳಲ್ಲಿ ಇದು ಮೋಜ್ ಎಂಬ ಕಿರುಚಿತ್ರಗಳ ತಾಣವನ್ನು ತೆರೆಯಿತು. ಪೈಪೋಟಿಗೆ ಎಂಎಕ್ಸ್ ಟಕಾಟಕ್ ಬಂದಿತು. 2022ರ ಫೆಬ್ರವರಿಯಲ್ಲಿ ಆ ಪೈಪೋಟಿದಾರನನ್ನೇ ಶೇರ್‌ಚಾಟ್ ಕೊಂಡುಕೊಂಡಿತು. ಒಂದು ವರ್ಷ ತುಂಬುವುದರೊಳಗೆ, 2023ರ ಜನವರಿಯಲ್ಲಿ, ಸಂಸ್ಥೆಯ ಸುಮಾರು ಐದನೆಯ ಒಂದು ಭಾಗದಷ್ಟು ನೌಕರರು ಕೆಲಸ ಕಳೆದುಕೊಂಡರು. ಬಂಡವಾಳ ಹರಿದು ಬರುವಾಗ ಮಳೆಗಾಲದ ಹಳ್ಳದಂತೆ ಬರುತ್ತದೆ, ಬತ್ತುವಾಗಲೂ ಹಳ್ಳದಂತೆಯೇ ಬತ್ತುತ್ತದೆ. ಅದರ ದಡದಲ್ಲಿ ಮನೆ ಕಟ್ಟಿಕೊಂಡವರು ನಮ್ಮ ನಿಮ್ಮ ಮಕ್ಕಳೇ ಆಗಿರಬಹುದು.

ನ್ಯಾಯದ ಮಾತನ್ನೂ ಆಡಬೇಕು. ದೊಡ್ಡ ಬಂಡವಾಳ ಬಂದುದರಿಂದ ಕನ್ನಡಕ್ಕೆ ಲಾಭವಾಗಿಲ್ಲವೆನ್ನಲಾಗದು. ಅನೇಕ ಕಲಾವಿದರಿಗೆ, ಬರಹಗಾರರಿಗೆ, ತಂತ್ರಜ್ಞರಿಗೆ ಅನ್ನ ಸಿಕ್ಕಿದೆ. ಪುಣೆಯಲ್ಲಿಯೂ ಮುಂಬಯಿಯಲ್ಲಿಯೂ ದುಡಿಯುವ ನಮ್ಮ ಸೀಮೆಯ ಯುವಕರು ಇಂದು ಮೊಬೈಲಿನಲ್ಲಿ ಊರಿನ ಭಾಷೆಯನ್ನು ಓದುತ್ತಾರೆ, ಕೇಳುತ್ತಾರೆ. ಕ್ರಿಕೆಟ್ಟಿನ ವಿವರಣೆಯೂ ಕನ್ನಡದಲ್ಲಿ ಬರುತ್ತದೆ. ಹಣವನ್ನೇ ಪಾಪವೆಂದು ಜರಿಯುವುದು ಸುಲಭ, ಆದರೆ ಹಣವಿಲ್ಲದೆ ಯಾವ ಪತ್ರಿಕೆಯೂ ಅಚ್ಚಾಗುವುದಿಲ್ಲ. ನಮ್ಮ ಪ್ರಶ್ನೆ ಹಣ ಬೇಕೇ ಬೇಡವೇ ಎಂಬುದಲ್ಲ. ಎಲ್ಲ ಹಣವೂ ಒಂದೇ ಕೈಯಲ್ಲಿ ಕೂಡಿಕೊಂಡಾಗ ನಮ್ಮಂತಹವರ ಮಾತಿಗೆ ಬೆಲೆ ಎಲ್ಲಿ ಉಳಿಯುತ್ತದೆ ಎಂಬುದು ನಮ್ಮ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. 1981ರಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ಶರದ್ ಜೋಶಿಯವರ ಮುಂದಾಳತ್ವದಲ್ಲಿ ಹೆದ್ದಾರಿಯನ್ನು ತಡೆದು ಕುಳಿತದ್ದನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಬೆಳೆಗೆ ತಕ್ಕ ಬೆಲೆ ಬೇಕೆಂಬುದು ಅವರ ಕೂಗು. ಬೆಳೆಯುವವರು ಸಾವಿರಾರು, ಕೊಳ್ಳುವವರು ಬೆರಳೆಣಿಕೆಯಷ್ಟು ಮಂದಿ ಆದಾಗ ಬೆಲೆ ಯಾರ ಮಾತಿನಂತೆ ನಿಲ್ಲುತ್ತದೆಂಬುದನ್ನು ಈ ಸೀಮೆಗೆ ಯಾವ ಅರ್ಥಶಾಸ್ತ್ರಜ್ಞರೂ ಬಂದು ಕಲಿಸಬೇಕಾಗಿಲ್ಲ. ಮಾಧ್ಯಮದಲ್ಲಿಯೂ ನಡೆಯುವುದು ಅದೇ. ಎರಡು ಮನರಂಜನಾ ವಾಹಿನಿಗಳು ಬೇರೆ ಬೇರೆಯಾಗಿದ್ದಾಗ ಕಥೆ ಬರೆಯುವವನು ಒಂದು ಬಾಗಿಲು ಮುಚ್ಚಿದರೆ ಇನ್ನೊಂದನ್ನು ತಟ್ಟಬಹುದಿತ್ತು. ಎರಡೂ ಒಂದಾದ ಮೇಲೆ ಬಾಗಿಲು ಎರಡಿದ್ದರೂ ಒಳಗಿನ ಯಜಮಾನ ಒಬ್ಬನೇ.

ಕ್ರಿಕೆಟ್ಟಿನ ವಿಷಯವನ್ನೇ ನೋಡಿ. 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರದ ಹಕ್ಕು 2022ರಲ್ಲಿ ಒಟ್ಟು 48,390 ಕೋಟಿ ರೂಪಾಯಿಗೆ ಹರಾಜಾಯಿತು. ದೂರದರ್ಶನದ ಹಕ್ಕನ್ನು ಸ್ಟಾರ್ 23,575 ಕೋಟಿಗೆ ಪಡೆಯಿತು. ಭಾರತದೊಳಗಿನ ಮೊಬೈಲ್ ಮತ್ತು ಅಂತರ್ಜಾಲ ಪ್ರಸಾರದ ಹಕ್ಕನ್ನು ವಯಾಕಾಮ್18 ಸಂಸ್ಥೆ 20,500 ಕೋಟಿಗೆ ಪಡೆಯಿತು. ಪೈಪೋಟಿ ತೀವ್ರವಾಗಿತ್ತು. 2023ರ ಪಂದ್ಯಗಳನ್ನು ಜಿಯೊಸಿನಿಮಾ ಉಚಿತವಾಗಿ ತೋರಿಸಿತು. ಊರೂರಿನ ಹುಡುಗರು ಸಂತೋಷಪಟ್ಟರು. ಮುಂದೆ ಪೈಪೋಟಿದಾರರಿಬ್ಬರೂ ಒಂದಾದರು. 2025ರ ಫೆಬ್ರವರಿ 14ರಂದು ಎರಡೂ ತಾಣಗಳು ಕೂಡಿ ಜಿಯೊಹಾಟ್‌ಸ್ಟಾರ್ ಆಯಿತು. ಅದೇ ವರ್ಷದ ಐಪಿಎಲ್ ಅನ್ನು ಪೂರ್ಣವಾಗಿ ನೋಡಲು ಚಂದಾ ಹಣವೋ ನಿರ್ದಿಷ್ಟ ರೀಚಾರ್ಜೋ ಬೇಕಾಯಿತು. ಮೊದಲು ಉಚಿತ, ಅನಂತರ ಅಭ್ಯಾಸ, ಆಮೇಲೆ ಬೆಲೆ. ಪುಕ್ಕಟೆ ಸಿಕ್ಕಿದ್ದಕ್ಕೆ ಮುಂದೊಂದು ದಿನ ಲೆಕ್ಕ ಬರುತ್ತದೆಂಬುದನ್ನು ಮಕ್ಕಳಿಗೆ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಪಾಠ ಬೇರೆ ಬೇಕೇ?

ಸರಕಾರದ ಕಣ್ಣು ಪೂರ್ಣ ಮುಚ್ಚಿತ್ತೆಂದಲ್ಲ. ಸುಮಾರು 70,352 ಕೋಟಿ ರೂಪಾಯಿ ಬೆಲೆಕಟ್ಟಲಾದ ಈ ವಿಲೀನಕ್ಕೆ ಭಾರತೀಯ ಸ್ಪರ್ಧಾ ಆಯೋಗ 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟದ್ದು ಸಂಸ್ಥೆಗಳು ಒಪ್ಪಿಕೊಂಡ ಕೆಲವು ಷರತ್ತುಗಳ ಮೇಲೆಯೇ. ಆದರೆ ಆಯೋಗ ಮಾರುಕಟ್ಟೆಯನ್ನು ಅಳೆಯಬಲ್ಲದು, ಒಂದು ಹಳ್ಳಿಯ ಮೌನವನ್ನು ಅಳೆಯಲಾರದು.

ಆ ಮೌನ ಎಂಥದೆಂಬುದನ್ನು 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿದಾಗ ನಾವು ಕಂಡಿದ್ದೇವೆ. ಅಥಣಿ, ಚಿಕ್ಕೋಡಿ, ರಾಯಬಾಗ, ಕಾಗವಾಡಗಳ ನದಿದಂಡೆಯ ಜನರಿಗೆ ಅಂದು ಬೇಕಾಗಿದ್ದದ್ದು ಕೆಲವೇ ಮಾತುಗಳು. ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್ ನೀರು ಬರುತ್ತಿದೆ? ಕೊಯ್ನಾ ಅಣೆಕಟ್ಟಿನ ಬಾಗಿಲು ತೆರೆದರೇ? ಕುಡಚಿ–ಉಗಾರ ಸೇತುವೆಯ ಮೇಲೆ ನೀರು ಬಂದಿದೆಯೇ? ಕಲ್ಲೋಳ–ಯಡೂರಿನ ಸೇತುವೆ? ಇಂತಹ ಮಾತನ್ನು ಹುಡುಕಿ ತಂದು ಕೊಡುವವನು ಜಿಲ್ಲೆಯ, ತಾಲ್ಲೂಕಿನ ವರದಿಗಾರ. ಎಲ್ಲ ಭಾಷೆಗಳ ಎಲ್ಲ ವಾಹಿನಿಗಳನ್ನು ಒಂದೆಡೆ ಕೂಡಿಸಿದ ಸಂಸ್ಥೆಗೆ ಒಂದು ಸೇತುವೆಯ ಸುದ್ದಿಯಿಂದ ಏನು ಲಾಭ? ನದಿಯಿಂದ ದೂರವಿರುವ ಅನಂತಪುರದ ಸೀಮೆಗೆ ನೆರೆಗಿಂತ ನೀರಿನ ಕೊರತೆಯೇ ದೊಡ್ಡ ಚಿಂತೆ. ಬರಗಾಲದಲ್ಲಿ ನೋಡಿಸಿಕೊಳ್ಳುವಂತಹ ದೃಶ್ಯವೂ ಇಲ್ಲ. ಅದರ ಸುದ್ದಿಯಂತೂ ಇನ್ನೂ ಹಿಂದೆ ಬೀಳುತ್ತದೆ.

ಧರ್ಮಸಭೆ ಈ ವಿಷಯದಲ್ಲಿ ನಮಗಿಂತ ಮೊದಲೇ ಯೋಚಿಸಿದೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯು ಸಂಪರ್ಕ ಮಾಧ್ಯಮಗಳನ್ನು ಕುರಿತು 1963ರ ಡಿಸೆಂಬರ್ 4ರಂದು ಒಂದು ಪ್ರತ್ಯೇಕ ಶಾಸನವನ್ನೇ ಹೊರಡಿಸಿತು. ಅದರ ಫಲವಾಗಿ 1967ರಿಂದ ಪ್ರತಿ ವರ್ಷ ವಿಶ್ವ ಸಂಪರ್ಕ ಮಾಧ್ಯಮ ದಿನ ನಡೆಯುತ್ತ ಬಂದಿದೆ. ತನಗೆ ಸಂಬಂಧಿಸಿದ ಸಂಗತಿಗಳನ್ನು ತಿಳಿಯುವುದು ಮನುಷ್ಯನ ಹಕ್ಕೆಂದು ಆ ಶಾಸನ ಎತ್ತಿ ಹಿಡಿಯಿತು. ಅದರ ಜೊತೆಗೇ ಹೊಣೆಯನ್ನು ಮಾಧ್ಯಮದವರ ಮೇಲೆ ಮಾತ್ರ ಹೊರಿಸದೆ, ಆಯ್ದುಕೊಳ್ಳುವ ಹೊಣೆ ಓದುಗ-ನೋಡುಗರದು, ಮಕ್ಕಳ ವಿಷಯದಲ್ಲಿ ತಂದೆತಾಯಿಗಳದು ಎಂದಿತು. ನಾವು ಈ ಬೋಧನೆಯನ್ನು ಅಶ್ಲೀಲ ಚಿತ್ರಗಳಿಂದ ಮಕ್ಕಳನ್ನು ಕಾಯುವುದಕ್ಕಷ್ಟೇ ಅನ್ವಯಿಸಿಕೊಂಡು ಸುಮ್ಮನಾಗಿದ್ದೇವೆ. ಯಾರ ಹಣ, ಯಾರ ಧ್ವನಿ ಎಂದು ಕೇಳುವುದೂ ಆಯ್ಕೆಯ ಒಂದು ಭಾಗವಲ್ಲವೇ?

ಹಾಗಾದರೆ ಒಂದು ಸಾಮಾನ್ಯ ಕುಟುಂಬ ಏನು ಮಾಡಬಲ್ಲದು? ಮೊದಲನೆಯದಾಗಿ, ಕೇಬಲ್ಲಿನವರು ಕೊಟ್ಟ ಗುಚ್ಛವನ್ನು ಕಣ್ಣುಮುಚ್ಚಿ ಒಪ್ಪಬೇಕಾಗಿಲ್ಲ. ಶುಲ್ಕದ ವಾಹಿನಿಗಳನ್ನು ಒಂದೊಂದಾಗಿ ಆರಿಸಿ, ಅದಕ್ಕಷ್ಟೇ ಹಣ ಕೊಡುವ ಅವಕಾಶ 2019ರ ಫೆಬ್ರವರಿಯಿಂದ ಜಾರಿಗೆ ಬಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ನಿಯಮದಲ್ಲಿದೆ. ಮನೆಯವರೆಲ್ಲ ಕುಳಿತು ಪಟ್ಟಿ ಮಾಡಲಿ. ಯಾವುದು ನಿಜವಾಗಿ ಬೇಕು, ಯಾವುದು ಬರಿದೆ ಓಡುತ್ತಿದೆ ಎಂಬುದು ಆಗ ತಾನೇ ತಿಳಿಯುತ್ತದೆ. ಎರಡನೆಯದಾಗಿ, ತಿಂಗಳ ರೀಚಾರ್ಜಿಗೆ ಮರುಮಾತಿಲ್ಲದೆ ಹಣ ಕೊಡುವ ನಾವು, ನಮ್ಮ ತಾಲ್ಲೂಕಿನ ಸುದ್ದಿ ಬರೆಯುವ ಒಂದು ಪತ್ರಿಕೆಗಾದರೂ ಹಣ ಕೊಟ್ಟು ಓದಬೇಕು. ನೆರೆಮನೆಯಿಂದ ಎರವಲು ತಂದು ಓದುವುದು ಉಳಿತಾಯವೆನಿಸಬಹುದು, ಆದರೆ ಎಲ್ಲರೂ ಎರವಲು ತಂದರೆ ಅಚ್ಚುಮನೆ ಎಷ್ಟು ದಿನ ನಿಂತೀತು? ಮೂರನೆಯದಾಗಿ, ಸಣ್ಣ ಪತ್ರಿಕೆಗೆ ಪತ್ರ ಬರೆಯಬೇಕು. ಊರಿನ ಕೆಟ್ಟ ರಸ್ತೆ, ಬತ್ತಿದ ಬಾವಿ, ಬಾಕಿ ಉಳಿದ ಕಬ್ಬಿನ ಬಿಲ್ಲು, ಇವುಗಳನ್ನು ನಾವೇ ಹೇಳದಿದ್ದರೆ ಹೇಳುವವರು ಯಾರು?

ಚಿಕ್ಕೋಡಿ ಸೀಮೆಯ ರೈತನಿಗೆ ಸಹಕಾರಿ ಸಕ್ಕರೆ ಕಾರ್ಖಾನೆಯ ಸದಸ್ಯತ್ವವೆಂದರೇನು ಎಂಬುದು ಗೊತ್ತು. ಆ ಸಂಸ್ಥೆಗಳಲ್ಲಿ ನೂರು ದೋಷಗಳಿರಬಹುದು. ಆದರೂ ವರ್ಷಕ್ಕೊಮ್ಮೆ ಸದಸ್ಯರ ಸಭೆಯಲ್ಲಿ ಎದ್ದು ನಿಂತು "ನಮ್ಮ ಕಬ್ಬಿನ ರೊಕ್ಕ ಎಲ್ಲಿ?" ಎಂದು ಕೇಳುವ ಅಧಿಕಾರ ಅವನಿಗಿದೆ. ಚಂದಾ ಕೊಟ್ಟು ಪತ್ರಿಕೆ ಓದುವವನಿಗೂ ಅಂತಹ ಒಂದು ಸಣ್ಣ ಅಧಿಕಾರವಿರುತ್ತದೆ. ಪುಕ್ಕಟೆ ನೋಡುವವನಿಗೆ ಅದು ಇಲ್ಲ. ಅವನು ಗಿರಾಕಿಯೂ ಅಲ್ಲ. ಜಾಹೀರಾತುದಾರರಿಗೆ ತೂಕ ಮಾಡಿ ಮಾರುವ ಸರಕು.

ಆದುದರಿಂದ ಇಂದು ಸಂಜೆ ಮನೆಯಲ್ಲಿ ರಿಮೋಟಿಗಾಗಿ ವಾದ ಹುಟ್ಟಿದಾಗ, ಕನ್ನಡವೋ ಮರಾಠಿಯೋ ಎಂಬ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಬದಿಗಿಡೋಣ. ಇಂದು ಈ ಪೆಟ್ಟಿಗೆಯೊಳಗೆ ನಮ್ಮ ಊರಿನ ಬಗ್ಗೆ ಯಾರಾದರೂ ಒಂದು ಮಾತು ಆಡಿದರೇ ಎಂದು ಕೇಳೋಣ. ಇಲ್ಲವೆಂದಾದರೆ ಅದನ್ನು ಆರಿಸಿ, ಜಪಸರಕ್ಕೆ ಕರೆಯುತ್ತಿರುವ ಅಜ್ಜನ ಸುತ್ತ ಕೂಡೋಣ. ಪ್ರಾರ್ಥನೆ ಮುಗಿದ ಮೇಲೆ ಮನೆಮಂದಿ ಒಬ್ಬರಿಗೊಬ್ಬರು ಊರಿನ ಸುದ್ದಿ ಹೇಳಿಕೊಳ್ಳುವ ಹಳೆಯ ಪದ್ಧತಿಯೊಂದಿದೆ. ಅದನ್ನು ಈವರೆಗೆ ಯಾವ ಕಂಪನಿಯೂ ಕೊಂಡುಕೊಂಡಿಲ್ಲ.