ಹೊಗೆಯಿಲ್ಲದ ಕಾರು, ಹುರುಳಿಲ್ಲದ ಲೆಕ್ಕ

ಪೆಟ್ರೋಲಿನ ಬೆಲೆ ನೂರು ದಾಟಿದ ಮೇಲೆ ಕಾರು ಕಂಪೆನಿಗಳಿಗೆ ಪರಿಸರದ ಮೇಲೆ ಎಲ್ಲಿಲ್ಲದ ಪ್ರೀತಿ ಹುಟ್ಟಿಕೊಂಡಿದೆ. ಪತ್ರಿಕೆಯ ಮುಖಪುಟವನ್ನು ಇಡಿಯಾಗಿ ನುಂಗುವ ಜಾಹೀರಾತಿನಲ್ಲಿ ಹಸಿರು ಎಲೆ, ನೀಲಿ ಆಕಾಶ, ನಗುವ ಮಗು. ನಡುವೆ ಒಂದು ಕಾರು, ಅದರ ಪಕ್ಕ ಒಂದು ದೊಡ್ಡ ಸಂಖ್ಯೆ. ಹೈಬ್ರಿಡ್ ಆದರೆ ಲೀಟರಿಗೆ 27.97 ಕಿ.ಮೀ., ಬ್ಯಾಟರಿ ಕಾರಾದರೆ ಒಂದು ಚಾರ್ಜಿಗೆ 489 ಕಿ.ಮೀ. ಇದನ್ನು ಬೆಂಗಳೂರಿನವರು ಮಾತ್ರ ಓದುವುದಿಲ್ಲ. ಗದಗ ಜಿಲ್ಲೆಯ ರೋಣ ತಾಲೂಕಿನ ಸವಡಿಯಂಥ ಊರಿನಲ್ಲೂ ಓದುತ್ತಾರೆ. ಕಡಲೆಗೋ ಈರುಳ್ಳಿಗೋ ಒಂದು ವರ್ಷ ಒಳ್ಳೆಯ ದರ ಸಿಕ್ಕಿದರೆ, ಮಗನೊಬ್ಬ ಹುಬ್ಬಳ್ಳಿಯಲ್ಲೋ ಪುಣೆಯಲ್ಲೋ ನೌಕರಿ ಹಿಡಿದರೆ ಎರೆ ಹೊಲದ ಮನೆಯಲ್ಲೂ ಕಾರಿನ ಮಾತು ಬರುತ್ತದೆ. ಬೆಂಗಳೂರಿನವನಿಗೆ ಅದು ಎರಡನೆಯ ಕಾರು. ಸವಡಿಯವನಿಗೆ ಮೊದಲನೆಯದು, ಬಹುಶಃ ಕೊನೆಯದೂ ಹೌದು, ಅದೂ ಸಾಲದಲ್ಲಿ. ಆದ್ದರಿಂದ ಆ ಸಂಖ್ಯೆ ಎಲ್ಲಿಂದ ಬಂತು ಎಂದು ಕೇಳುವ ಅಗತ್ಯ ಅವನಿಗೇ ಹೆಚ್ಚು.

ಅದು ರಸ್ತೆಯಿಂದ ಬಂದದ್ದಲ್ಲ. ಪ್ರಯೋಗಾಲಯದಲ್ಲಿ ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ, ಗೊತ್ತುಪಡಿಸಿದ ಒಂದು ಪಾಠದಂತೆ ಓಡಿಸುತ್ತಾರೆ. ಸುಮಾರು ಇಪ್ಪತ್ತು ನಿಮಿಷ, ಹತ್ತೂವರೆ ಕಿ.ಮೀ. ಓಟ, ಸರಾಸರಿ ವೇಗ ಗಂಟೆಗೆ 32 ಕಿ.ಮೀ., ಎಷ್ಟೇ ಏರಿದರೂ 90 ದಾಟುವುದಿಲ್ಲ. ಬ್ಯಾಟರಿ ಕಾರಾದರೆ ಅದನ್ನೇ ಮತ್ತೆ ಮತ್ತೆ ಓಡಿಸುತ್ತಾರೆ. ಎ.ಸಿ. ಬಂದ್. ಎದುರು ಗಾಳಿಯಿಲ್ಲ, ದಿನ್ನೆಯಿಲ್ಲ, ರಸ್ತೆಯ ಮೇಲೆ ಒಣಹಾಕಿದ ಜೋಳದ ತೆನೆಯಿಲ್ಲ, ಹಿಂದಿನ ಸೀಟಿನಲ್ಲಿ ಬೀಗರ ಮನೆಗೆ ಹೊರಟ ನಾಲ್ಕು ಜನರಿಲ್ಲ. ಇಂಥ ಪರೀಕ್ಷೆ ನಡೆಸುವ ಸಂಸ್ಥೆಗಳಲ್ಲಿ ಪ್ರಮುಖವಾದುದು ಪುಣೆಯ ಎ.ಆರ್.ಎ.ಐ. 1966ರಲ್ಲಿ ವಾಹನೋದ್ಯಮವೇ ಕೇಂದ್ರ ಸರಕಾರದ ಜೊತೆ ಸೇರಿ ಕಟ್ಟಿದ ಸಂಸ್ಥೆ ಇದು. ಅಲ್ಲಿ ಮೋಸ ನಡೆಯುತ್ತದೆ ಎಂದು ನಾವು ಹೇಳುತ್ತಿಲ್ಲ. ಪರೀಕ್ಷೆಯೇ ಹೀಗಿರುವಾಗ ಮೋಸದ ಅಗತ್ಯವಾದರೂ ಏನಿದೆ?

ಕಂಪೆನಿಗಳಿಗೆ ಇದು ಗೊತ್ತಿಲ್ಲವೇ? ಚೆನ್ನಾಗಿ ಗೊತ್ತಿದೆ. 489 ಕಿ.ಮೀ. ಎಂದು ಸಾರಲಾದ 45 ಕಿಲೋವ್ಯಾಟ್ ಅವರ್ ಬ್ಯಾಟರಿಯ ಟಾಟಾ ನೆಕ್ಸಾನ್‌ಗೆ ಅದೇ ಕಂಪೆನಿ 2024ರಲ್ಲಿ ಇನ್ನೊಂದು ಸಂಖ್ಯೆಯನ್ನೂ ಕೊಟ್ಟಿತು. ನೂರರಲ್ಲಿ 75 ಗ್ರಾಹಕರಿಗೆ ದಕ್ಕಬಹುದಾದ ದೂರ 350ರಿಂದ 370 ಕಿ.ಮೀ. ಎಂಬುದೇ ಆ ಸಂಖ್ಯೆ. ಕಾಲು ಭಾಗ ಅಲ್ಲೇ ಕರಗಿಹೋಯಿತು. ಉಳಿದವರಷ್ಟೂ ಮಾಡದ ಪ್ರಾಮಾಣಿಕತೆಯನ್ನು ಟಾಟಾದವರು ತೋರಿಸಿದರು ಎಂದು ಮೆಚ್ಚೋಣ. ಆದರೆ ಅದಕ್ಕೂ ಒಂದು ಹಿನ್ನೆಲೆಯಿದೆ. 2020ರಲ್ಲಿ ಬಂದ ಮೊದಲ ನೆಕ್ಸಾನ್ ಇ.ವಿ.ಗೆ 312 ಕಿ.ಮೀ. ಎಂದು ಹೇಳಲಾಗಿತ್ತು. ತನ್ನ ಕಾರು 200 ಕಿ.ಮೀ. ಕೂಡ ದಾಟುತ್ತಿಲ್ಲ ಎಂದು ಗ್ರಾಹಕರೊಬ್ಬರು ದೂರು ಕೊಟ್ಟಾಗ, 2021ರ ಮಾರ್ಚಿನಲ್ಲಿ ದಿಲ್ಲಿ ಸರಕಾರ ಆ ಮಾದರಿಯ ಸಬ್ಸಿಡಿಯನ್ನೇ ತಡೆಹಿಡಿಯಿತು. ಕಂಪೆನಿ ಹೈಕೋರ್ಟಿಗೆ ಹೋಗಿ ಆ ಆದೇಶಕ್ಕೆ ತಡೆಯಾಜ್ಞೆ ತಂದಿತು. ಪ್ರಯೋಗಾಲಯದ ಸಂಖ್ಯೆ ಪ್ರಯೋಗಾಲಯದ ಮಟ್ಟಿಗೆ ಸರಿ ಎಂಬುದು ಈ ಉದ್ಯಮದ ಮಾಮೂಲು ವಾದ.

ಸವಡಿಯಿಂದ ರೋಣ, ಗದಗ ದಾಟಿ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಹೋಗಿ ಬರುವುದೆಂದರೆ ಸುಮಾರು 200 ಕಿ.ಮೀ. 312ನ್ನು ನಂಬಿ ಹೊರಟವನ ಬಳಿ ನೂರು ಕಿ.ಮೀ. ಮಿಕ್ಕಿರಬೇಕು. ಏಪ್ರಿಲ್ ತಿಂಗಳಲ್ಲಿ 40 ಡಿಗ್ರಿ ಬಿಸಿಲಿದೆ, ಒಳಗೆ ರೋಗಿಯಿದ್ದಾರೆ, ಎ.ಸಿ. ಬಂದ್ ಮಾಡುವಂತಿಲ್ಲ. ಅವನು ಎಲ್ಲಿ ನಿಲ್ಲುತ್ತಾನೆ ಎಂದು ಪ್ರಯೋಗಾಲಯದ ಉರುಳೆ ಹೇಳುತ್ತದೆಯೇ?

ಬ್ಯಾಟರಿಯ ರಗಳೆಯೇ ಬೇಡ ಎನ್ನುವವರಿಗೆ ಹೈಬ್ರಿಡ್ ತೋರಿಸುತ್ತಾರೆ. ಬಿಡದಿಯಲ್ಲಿ ತಯಾರಾಗುವ ಟೊಯೋಟಾ ಹೈರೈಡರ್‌ನ 27.97 ಆ ಜಾತಿಯದು. ಇದು ಸುಳ್ಳು ತಂತ್ರಜ್ಞಾನವಲ್ಲ. ಬ್ರೇಕ್ ಹಾಕಿದಾಗ ಪೋಲಾಗುವ ಶಕ್ತಿಯನ್ನು ಹಿಡಿದಿಟ್ಟು ಮತ್ತೆ ಬಳಸುವುದು ಜಾಣತನವೇ. ಆದರೆ ಅದರ ಲಾಭ ಸಿಗ್ನಲ್ಲಿಗೊಮ್ಮೆ ನಿಂತು ಹೊರಡುವ ಬೆಂಗಳೂರಿನಲ್ಲಿ ಹೆಚ್ಚು, ಬ್ರೇಕ್ ಮುಟ್ಟದೆ ನೇರ ಓಡುವ ಬಯಲು ಸೀಮೆಯ ಹೆದ್ದಾರಿಯಲ್ಲಿ ಕಡಿಮೆ. ಈ ಒಂದು ಮಾತನ್ನು ಯಾವ ಶೋರೂಮಿನಲ್ಲಿ ಮೊದಲಾಗಿ ಹೇಳುತ್ತಾರೆ? ಒಂದು ಲೆಕ್ಕ ಹಾಕಿ ನೋಡಿ. ಹೈಬ್ರಿಡ್ ಮಾದರಿಗೆ ಮೂರು ಲಕ್ಷ ಹೆಚ್ಚು ಕೊಟ್ಟಿರಿ ಎಂದಿಟ್ಟುಕೊಳ್ಳೋಣ. ಪೆಟ್ರೋಲಿಗೆ ನೂರು ರೂಪಾಯಿ, ಸಾಮಾನ್ಯ ಕಾರು ಲೀಟರಿಗೆ 15, ಹೈಬ್ರಿಡ್ ಕಂಪೆನಿ ಹೇಳಿದಂತೆ 28 ಕೊಡುತ್ತದೆ. ಕಿ.ಮೀ.ಗೆ ಮೂರು ರೂಪಾಯಿಯಷ್ಟು ಉಳಿತಾಯ. ವರ್ಷಕ್ಕೆ ಹತ್ತು ಸಾವಿರ ಕಿ.ಮೀ. ಓಡಿಸುವವನಿಗೆ ಮೂರು ಲಕ್ಷ ಮರಳಿ ಬರಲು ಹತ್ತು ವರ್ಷ ಬೇಕು. ನಿಜವಾಗಿ ಸಿಕ್ಕಿದ್ದು 22 ಆದರೆ ಹದಿನಾಲ್ಕು ವರ್ಷ. ಇದು ಸಾಲದ ಬಡ್ಡಿ ಬಿಟ್ಟು. ಬ್ಯಾಟರಿಯ ವಾರಂಟಿ ಸಾಮಾನ್ಯವಾಗಿ ಎಂಟು ವರ್ಷಕ್ಕೆ ಮುಗಿದಿರುತ್ತದೆ ಎಂಬುದನ್ನೂ ನೆನಪಿಡಿ.

‘ಹೈಬ್ರಿಡ್’ ಎಂಬ ಹೆಸರೇ ನಮ್ಮ ದೇಶದಲ್ಲಿ ಒಂದು ಸಬ್ಸಿಡಿಯ ಕತೆ. 2015ರಲ್ಲಿ ಮಾರುತಿ ಕಂಪೆನಿ ಸಿಯಾಜ್ ಡೀಸೆಲ್ ಕಾರನ್ನು ಸ್ಮಾರ್ಟ್ ಹೈಬ್ರಿಡ್ ಎಂದು ಮಾರಿತು. ಅದರ ಎಲೆಕ್ಟ್ರಿಕ್ ಯಂತ್ರ ಎಂಜಿನಿಗೆ ಕೈಜೋಡಿಸಬಲ್ಲದಷ್ಟೆ, ತಾನೊಂದೇ ಕಾರನ್ನು ಒಂದು ಮಾರು ದೂರ ಕೂಡ ಎಳೆಯಲಾರದು. ಆದರೂ ಕೇಂದ್ರದ ಫೇಮ್ ಯೋಜನೆಯಡಿ ಪ್ರತಿ ಕಾರಿಗೆ 13,000 ರೂ. ಪ್ರೋತ್ಸಾಹಧನ ಸಿಕ್ಕಿತು. ಇಂಥ ಅರೆ ಹೈಬ್ರಿಡ್‌ಗಳಿಗೆ ಕೇಂದ್ರ ಅದನ್ನು ನಿಲ್ಲಿಸಿದ್ದು 2017ರ ಏಪ್ರಿಲಿನಲ್ಲಿ. ಡೀಸೆಲ್ ಕಾರಿಗೆ ಹಸಿರು ಬಣ್ಣ ಬಳಿದು ಖಜಾನೆಯಿಂದ ಹಣ ಪಡೆಯುವ ಈ ವಿದ್ಯೆಯನ್ನು ನಿಯಮ ಉಲ್ಲಂಘನೆ ಎನ್ನುವಂತಿಲ್ಲ, ಏಕೆಂದರೆ ನಿಯಮವೇ ಹಾಗಿತ್ತು.

ಹೊರದೇಶಗಳಲ್ಲಿ ಎಲ್ಲ ಸರಿಯಿದೆ ಎಂದು ಭಾವಿಸಬೇಕಿಲ್ಲ. ಗೋಡೆಯ ಪ್ಲಗ್ಗಿಗೆ ಹಾಕಿ ಚಾರ್ಜ್ ಮಾಡುವ ಹೈಬ್ರಿಡ್ ಕಾರುಗಳು ರಸ್ತೆಯಲ್ಲಿ ನಿಜಕ್ಕೂ ಎಷ್ಟು ಇಂಗಾಲ ಉಗುಳುತ್ತವೆ ಎಂದು ಯುರೋಪಿಯನ್ ಕಮಿಷನ್ ಅವುಗಳ ಮೀಟರಿನಿಂದಲೇ ಲೆಕ್ಕ ತೆಗೆಸಿತು. 2024ರಲ್ಲಿ ಹೊರಬಂದ ಉತ್ತರ: ಪ್ರಯೋಗಾಲಯದಲ್ಲಿ ಹೇಳಿದ್ದರ ಮೂರೂವರೆ ಪಟ್ಟು. ಬರಿಯ ಪೆಟ್ರೋಲ್, ಡೀಸೆಲ್ ಕಾರುಗಳಲ್ಲಿ ಈ ವ್ಯತ್ಯಾಸ ಶೇ. 20ರಷ್ಟಿತ್ತು. ಅಂದರೆ ಹಸಿರು ಹೆಸರಿನ ಕಾರೇ ಹೆಚ್ಚು ಸುಳ್ಳು ಹೇಳಿತು. 2023ರ ಜನವರಿಯಲ್ಲಿ ದಕ್ಷಿಣ ಕೊರಿಯ ಟೆಸ್ಲಾ ಕಂಪೆನಿಗೆ ದಂಡ ವಿಧಿಸಿತು. ಚಳಿಯಲ್ಲಿ ಅದರ ಕಾರುಗಳು ಓಡುವ ದೂರ ಬಹಳಷ್ಟು ಕುಸಿಯುತ್ತದೆ ಎಂಬುದನ್ನು ಗ್ರಾಹಕರಿಗೆ ತಿಳಿಸದ್ದಕ್ಕೆ.

ನಮ್ಮ ರಾಜ್ಯದ್ದೇ ಹಳೆಯ ಉದಾಹರಣೆ ಬೆಂಗಳೂರಿನ ರೇವಾ. 2001ರಲ್ಲಿ, ಜಗತ್ತಿನ ದೊಡ್ಡ ಕಂಪೆನಿಗಳು ಕೈಕಟ್ಟಿ ಕೂತಿದ್ದಾಗ, ಇಲ್ಲಿಯ ಎಂಜಿನಿಯರರು ಬ್ಯಾಟರಿ ಕಾರು ತಂದರು. ಹೆಮ್ಮೆಪಡಬೇಕಾದ ಕೆಲಸವೇ. ಲಂಡನ್ನಿನಲ್ಲಿ ಅದು ಜಿ-ವಿಜ್ ಎಂಬ ಹೆಸರಿನಲ್ಲಿ ಮಾರಾಟವಾಯಿತು. ಅಲ್ಲಿಯ ಕಾನೂನಿನಲ್ಲಿ ಅದು ಕಾರಲ್ಲ, ಹಗುರ ನಾಲ್ಕು ಚಕ್ರದ ವಾಹನ. ಆದ್ದರಿಂದ ಕಾರುಗಳಿಗೆ ಕಡ್ಡಾಯವಾದ ಅಪಘಾತ ಪರೀಕ್ಷೆ ಬೇಕಿರಲಿಲ್ಲ. 2007ರಲ್ಲಿ ಒಂದು ಪತ್ರಿಕೆ ಆ ಪರೀಕ್ಷೆಯನ್ನು ತಾನೇ ಮಾಡಿಸಿದಾಗ ಒಳಗಿದ್ದವರ ಜೀವಕ್ಕೇ ಅಪಾಯ ಎಂಬ ಫಲಿತಾಂಶ ಬಂತು. ಪರಿಸರದ ಹೆಸರು ಅಂಟಿಕೊಂಡ ವಸ್ತುವಿಗೆ ಉಳಿದ ಪ್ರಶ್ನೆಗಳನ್ನು ಕೇಳುವುದು ನಮಗೆ ಸಂಕೋಚ. ಈ ಸಂಕೋಚವೇ ಅವರ ಬಂಡವಾಳ.

ಇನ್ನು ‘ಶೂನ್ಯ ಹೊಗೆ’. ಹೊಗೆ ಕಾರಿನ ಹಿಂದೆ ಇಲ್ಲ, ನಿಜ. ಅದು ರಾಯಚೂರಿನ ಶಕ್ತಿನಗರದಲ್ಲಿ, ಬಳ್ಳಾರಿಯ ಕುಡತಿನಿಯಲ್ಲಿ ಇದೆ. ದೇಶದ ವಿದ್ಯುತ್ ಜಾಲದಲ್ಲಿ ಒಂದು ಯೂನಿಟ್ಟಿಗೆ ಸರಾಸರಿ 0.7 ಕೆ.ಜಿ.ಯಷ್ಟು ಇಂಗಾಲದ ಡೈ ಆಕ್ಸೈಡ್ ಹೊರಬರುತ್ತದೆ. ನೂರು ಕಿ.ಮೀ.ಗೆ ಹದಿನೈದು ಯೂನಿಟ್ ಕುಡಿಯುವ ಕಾರು ಹತ್ತು ಕೆ.ಜಿ. ಮೀರಿ ಹೊರಿಸಿದಂತಾಯಿತು. 15ರ ಮೈಲೇಜಿನ ಪೆಟ್ರೋಲ್ ಕಾರಿನದು ಹದಿನೈದು ಕೆ.ಜಿ. ವ್ಯತ್ಯಾಸ ಇದೆ, ಒಪ್ಪೋಣ. ಆದರೆ ಹತ್ತನ್ನು ಸೊನ್ನೆ ಎಂದು ಬರೆಯುವುದು ಯಾವ ಗಣಿತ? ಗಜೇಂದ್ರಗಡದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆಯಲ್ಲ ಎಂದು ಕೆಲವರು ಕೇಳಬಹುದು. ತಿರುಗುತ್ತಿವೆ, ಅದರಿಂದ ಕರ್ನಾಟಕದ ಲೆಕ್ಕ ಒಂದಿಷ್ಟು ಹಗುರವೂ ಹೌದು. ಆದರೆ ಗಾಳಿ ಜೋರು ಮಳೆಗಾಲದ ತಿಂಗಳುಗಳಲ್ಲಿ. ಕಾರು ಚಾರ್ಜಿಗೆ ನಿಲ್ಲುವುದು ವರ್ಷವಿಡೀ, ಅದೂ ಸೂರ್ಯ ಮುಳುಗಿದ ಮೇಲೆ. ಈ ಗುಡ್ಡಗಳ ಕೆಳಗಿನ ರೈತನಿಗೆ ಪಂಪ್‌ಸೆಟ್ಟಿನ ತ್ರೀಫೇಸ್ ಕರೆಂಟು ಏಳು ತಾಸು. 2023ರ ಬರದಲ್ಲಿ ಸರಕಾರ ಅದನ್ನೂ ಕೆಲಕಾಲ ಐದು ತಾಸಿಗೆ ಇಳಿಸಿತ್ತು.

ಇಷ್ಟು ಹೇಳಿದರೆ ಪ್ರಗತಿ ವಿರೋಧಿ ಎಂಬ ಪಟ್ಟ ಖಚಿತ. ನಮ್ಮ ತಕರಾರು ಮೋಟಾರಿನ ಮೇಲಲ್ಲ, ತೆರಿಗೆದಾರನ ಹಣದ ಮೇಲೆ. 2019ರ ಆಗಸ್ಟಿನಿಂದ ಬ್ಯಾಟರಿ ಕಾರಿಗೆ ಜಿ.ಎಸ್.ಟಿ. ಶೇ. 5. ಅದು ಎಂಟು ಲಕ್ಷದ್ದಿರಲಿ, ಎಂಬತ್ತು ಲಕ್ಷದ್ದಿರಲಿ, ದರ ಒಂದೇ. ಹೊಲ ಉಳುವ ಟ್ರ್ಯಾಕ್ಟರಿಗೆ ಶೇ. 12ನ್ನು ಇಳಿಸಿ ಅದೇ ಶೇ. 5 ಮಾಡಿದ್ದು 2025ರ ಸೆಪ್ಟೆಂಬರಿನಲ್ಲಿ. ನಡುವಿನ ಆರು ವರ್ಷ ಸವಡಿಯ ರೈತ ತನ್ನ ಟ್ರ್ಯಾಕ್ಟರಿಗೆ, ಶ್ರೀಮಂತನ ಪರಿಸರ ಪ್ರೇಮಕ್ಕಿಂತ ಎರಡು ಪಟ್ಟಿಗೂ ಮೀರಿದ ತೆರಿಗೆ ಕಟ್ಟಿದ. ರಸ್ತೆ ತೆರಿಗೆಯಲ್ಲೂ ಹಾಗೆಯೇ. 25 ಲಕ್ಷ ಮೀರಿದ ಬ್ಯಾಟರಿ ಕಾರುಗಳು ತೆರಿಗೆ ಕಟ್ಟಬೇಕು ಎಂದು ಕರ್ನಾಟಕಕ್ಕೆ ಹೊಳೆದದ್ದು 2024ರಲ್ಲಿ. 2025ರ ಜನವರಿಯಲ್ಲಿ ಸರಕಾರಿ ಬಸ್ಸಿನ ದರವನ್ನು ಶೇ. 15 ಏರಿಸಲು ಮಾತ್ರ ಇಷ್ಟೊಂದು ಯೋಚನೆ ಬೇಕಾಗಲಿಲ್ಲ. ಹೊಗೆ ಕಡಿಮೆ ಮಾಡುವುದೇ ಗುರಿಯಾದರೆ, ಐವತ್ತು ಜನರನ್ನು ಒಟ್ಟಿಗೆ ಒಯ್ಯುವ ಬಸ್ಸಿಗಿಂತ ಹಸಿರು ವಾಹನ ಯಾವುದಿದೆ? ಸವಡಿ ಮತ್ತು ರೋಣದ ನಡುವೆ ಹೊತ್ತು ಹೊತ್ತಿಗೆ ಬಸ್ಸು ಓಡಿದರೆ ಎಷ್ಟು ಬೈಕು, ಎಷ್ಟು ಟಂಟಂ ನಿಲ್ಲುತ್ತವೆ ಎಂಬ ಲೆಕ್ಕ ಯಾವ ಜಾಹೀರಾತಿನಲ್ಲೂ ಬರುವುದಿಲ್ಲ.

ಕಾಗದದ ಮೇಲಿನ ಲಾಭಕ್ಕೆ ನಿಜವಾದ ಹಣ ಕೇಳುವುದನ್ನು ಈ ಸೀಮೆ ಮೊದಲೇ ಕಂಡಿದೆ. ಮಲಪ್ರಭಾ ಕಾಲುವೆಯ ನೀರು ಹೊಲ ಮುಟ್ಟುವ ಮೊದಲೇ ಅಭಿವೃದ್ಧಿ ಕರ ಕಟ್ಟಿ ಎಂದಾಗ 1980ರ ಜುಲೈಯಲ್ಲಿ ನರಗುಂದ, ನವಲಗುಂದದ ರೈತರು ಬೀದಿಗಿಳಿದರು, ಗುಂಡಿಗೆ ಎದೆಯೊಡ್ಡಿದರು. ಬಂದ ನೀರಿಗೆ ಹಣ, ನಕ್ಷೆಯಲ್ಲಿರುವ ನೀರಿಗಲ್ಲ ಎಂಬುದು ಅವರ ಮಾತಾಗಿತ್ತು. ಕಾರಿನ ವಿಷಯದಲ್ಲೂ ಕೇಳಬೇಕಾದದ್ದು ಇಷ್ಟೇ: ಬೇಸಿಗೆಯಲ್ಲಿ, ಎ.ಸಿ. ಹಾಕಿ, ತುಂಬಿದ ಕಾರು ಹೆದ್ದಾರಿಯಲ್ಲಿ ಎಷ್ಟು ದೂರ ಹೋಗುತ್ತದೆ ಎಂಬ ಸಂಖ್ಯೆಯನ್ನು ಜಾಹೀರಾತಿನಲ್ಲಿ ಅಷ್ಟೇ ದಪ್ಪ ಅಕ್ಷರದಲ್ಲಿ ಅಚ್ಚು ಮಾಡಲಿ, ಆ ದೂರ ಬಾರದಿದ್ದರೆ ರಿಯಾಯಿತಿಯಾಗಿ ಪಡೆದ ತೆರಿಗೆಯನ್ನು ಕಂಪೆನಿ ಖಜಾನೆಗೆ ಮರಳಿಸಲಿ. ರೋಣದ ಸಂತೆಯಲ್ಲಿ ಈರುಳ್ಳಿ ತೂಗುವವನ ತಕ್ಕಡಿಗೂ ಇಲಾಖೆಯ ಮುದ್ರೆ ಬೇಕು, ತೂಕ ಕಡಿಮೆ ಬಿದ್ದರೆ ಅವನಿಗೆ ದಂಡವಿದೆ.