ಚುಕ್ಕಿ ಚೌಕದ ಆಟವೂ ನಮ್ಮ ಬಾಲಿಕೆಯರೂ

ಆಟವು ಓದಿನ ವೈರಿಯೆಂದು ಎಣಿಸುವ ತಂದೆತಾಯಿಗಳು ಹಿಂದೆಯೂ ಇದ್ದರು, ಈಗಲೂ ಇರುವರು. ನೋಟುಪುಸ್ತಕದ ಕಡೆಯ ಹಾಳೆಯಲ್ಲಿ ಚುಕ್ಕಿಗಳನ್ನು ಕಂಡು ಅಂದಿನವರು ಗದರಿಸುತ್ತಿದ್ದರು; ಅದೇ ಚುಕ್ಕಿಗಳನ್ನು ಮೊಬೈಲಿನ ಪರದೆಯ ಮೇಲೆ ಕಂಡು ಇಂದಿನವರು ಗದರಿಸುತ್ತಿರುವರು. ಈ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಪೋಷಕರ ಮುಂದೆಯೂ ಹಳೆಯ ವಿದ್ಯಾರ್ಥಿನಿಯರ ಮುಂದೆಯೂ ಇಡುವದು ಯುಕ್ತವೆಂದು ನಮಗೆ ತೋರುತ್ತದೆ.

ಈ ಆಟವನ್ನು ಅರಿಯದವರು ವಿರಳ. ಸಾಲುಸಾಲಾಗಿ ಚುಕ್ಕಿಗಳನ್ನಿಟ್ಟು, ಇಬ್ಬರು ಸರದಿಯ ಮೇಲೆ ಒಂದೊಂದು ಗೆರೆಯನ್ನು ಎಳೆಯುವರು. ಚೌಕದ ನಾಲ್ಕನೆಯ ಗೆರೆಯನ್ನು ಎಳೆದವಳು ಅದರೊಳಗೆ ತನ್ನ ಹೆಸರಿನ ಮೊದಲಕ್ಷರವನ್ನು ಬರೆದು, ಮತ್ತೊಂದು ಗೆರೆಯನ್ನು ಎಳೆಯತಕ್ಕದ್ದು. ಹೆಚ್ಚು ಚೌಕಗಳು ಯಾರವೋ ಅವಳಿಗೆ ಜಯ. ಆಟವು ಸಣ್ಣದಾದರೂ ಪಂಡಿತರು ಇದನ್ನು ಕಡೆಗಣಿಸಲಿಲ್ಲ. ಫ್ರಾನ್ಸ್ ದೇಶದ ಗಣಿತಜ್ಞರಾದ ಎಡುವಾರ್ ಲೂಕಾ ಎಂಬವರು 1889ರಲ್ಲಿಯೇ ಇದನ್ನು ವಿವರಿಸಿ ಪ್ರಕಟಿಸಿದರು. ಅಮೇರಿಕದ ಎಲ್ವಿನ್ ಬರ್ಲೆಕಾಂಪ್ ಎಂಬ ಗಣಿತಜ್ಞರು 2000ದಲ್ಲಿ ಇದೊಂದನ್ನೇ ಕುರಿತು ಪುಸ್ತಕವನ್ನು ಬರೆದರು. 30 ಚುಕ್ಕಿ, 49 ಗೆರೆ, 20 ಚೌಕಗಳುಳ್ಳ ಆಟವನ್ನು 2012ರಲ್ಲಿ ಇಬ್ಬರು ಸಂಶೋಧಕರು ಗಣಕಯಂತ್ರದಿಂದ ಪೂರ್ಣವಾಗಿ ಪರಿಶೋಧಿಸಿ, ಇಬ್ಬರೂ ತಪ್ಪದೆ ಆಡಿದರೆ ಅದು ಸಮವಾಗಿ ಮುಗಿಯುವದೆಂದು ತೋರಿಸಿದರು.

ಇದರಲ್ಲಿ ಅಡಗಿರುವ ಪಾಠವೇನು? ಕಡೆಯಲ್ಲಿ ಐದು ಚೌಕಗಳ ಒಂದು ಸಾಲೂ ಆರು ಚೌಕಗಳ ಮತ್ತೊಂದು ಸಾಲೂ ಉಳಿದಿವೆಯೆಂದು ಭಾವಿಸೋಣ. ಎದುರಾಳಿಯು ಬೇರೆ ದಾರಿಯಿಲ್ಲದೆ ಐದರ ಸಾಲನ್ನು ತೆರೆಯುತ್ತಾಳೆ. ಆಶೆಪಟ್ಟು ಐದನ್ನೂ ಬಾಚಿಕೊಂಡವಳು ಮುಂದಿನ ಗೆರೆಯನ್ನು ತಾನೇ ಎಳೆದು ಆರನ್ನು ಕಳೆದುಕೊಳ್ಳುವಳು. ವಿವೇಕಿಯಾದವಳು ಮೂರನ್ನೇ ತೆಗೆದುಕೊಂಡು, ತುದಿಯ ಗೆರೆಯನ್ನು ಮುಚ್ಚಿ, ಎರಡನ್ನು ಬಿಟ್ಟುಕೊಡುವಳು. ಎದುರಾಳಿಯು ಆ ಎರಡನ್ನು ಒಂದೇ ಗೆರೆಯಿಂದ ಪಡೆದರೂ ಮತ್ತೆ ಎಳೆಯಲೇಬೇಕಾಗಿ, ಆರರ ಸಾಲು ವಿವೇಕಿಯ ಪಾಲಾಗುವದು. ಐದಕ್ಕೆ ಆರರಂತೆ ಸೋಲಬೇಕಾದವಳು ಎರಡಕ್ಕೆ ಒಂಬತ್ತರಂತೆ ಗೆಲ್ಲುವಳು. ಕೈಗೆ ಬಂದದ್ದನ್ನೆಲ್ಲ ಹಿಡಿಯುವದೇ ಲಾಭವಲ್ಲವೆಂಬದನ್ನು ಇದಕ್ಕಿಂತ ಸುಲಭವಾಗಿ ಹತ್ತು ವರ್ಷದ ಮಗುವಿಗೆ ಕಲಿಸುವ ಉಪಾಯವನ್ನು ನಾವು ಕಾಣೆವು.

ಹಾಗಾದರೆ ಮೊಬೈಲಿನಲ್ಲಿ ಆಡಿದರೆ ದೋಷವೇನು? ಗೆರೆಯು ಬೆರಳು ಮುಟ್ಟಿದಲ್ಲಿ ಮೂಡುವದೂ, ಚೌಕಗಳನ್ನು ಯಂತ್ರವೇ ಲೆಕ್ಕಿಸುವದೂ ದೋಷಗಳಲ್ಲ. ದೂರದ ಊರಿಗೆ ಮದುವೆಯಾಗಿ ಹೋದ ಅಕ್ಕನೂ ಮನೆಯಲ್ಲಿರುವ ತಂಗಿಯೂ ರಾತ್ರಿಯ ಊಟವಾದ ಮೇಲೆ ಒಂದೇ ಚುಕ್ಕಿಮಂಡಲದ ಮುಂದೆ ಕೂಡುವದು ಕಾಗದದಿಂದ ಆಗದ ಕೆಲಸ. ಜೊತೆಯಿಲ್ಲದ ಮಗುವಿಗೆ ಯಂತ್ರವೇ ಎದುರಾಳಿಯಾಗುವದೂ ಒಂದು ಉಪಕಾರವೇ. ಈ ಗುಣಗಳನ್ನು ನಾವು ಮನಃಪೂರ್ವಕವಾಗಿ ಒಪ್ಪುತ್ತೇವೆ.

ಆದರೆ ಇಂಥ ಆಟಗಳಲ್ಲಿ ಕೆಲವಕ್ಕೆ ಎರಡು ಗುಂಡಿಗಳಿರುತ್ತವೆ: ಒಂದು ಎಳೆದ ಗೆರೆಯನ್ನು ಅಳಿಸುವದು, ಇನ್ನೊಂದು ಮುಂದಿನ ಗೆರೆಯನ್ನು ತಾನೇ ತೋರಿಸುವದು. ನಮ್ಮ ಆಕ್ಷೇಪವು ಇವುಗಳ ಮೇಲೆಯೇ. ಈ ಆಟದಲ್ಲಿ ಸೋಲು ಕಡೆಯ ಗೆರೆಯಲ್ಲಿ ಹುಟ್ಟುವದಿಲ್ಲ. ಎಷ್ಟೋ ಗೆರೆಗಳ ಹಿಂದೆ, ಯಾರೂ ಗಮನಿಸದ ಒಂದು ಮೂಲೆಯಲ್ಲಿ ಹುಟ್ಟುತ್ತದೆ. ಕಾಗದದ ಮೇಲೆ ಎಳೆದ ಗೆರೆಯು ಅಲ್ಲಿಯೇ ನಿಲ್ಲುವದರಿಂದ, ಎಲ್ಲಿ ಎಡವಿದೆನೆಂದು ಬಾಲಿಕೆಯು ಹುಡುಕುವಳು. ಕೂಡಲೇ ಅಳಿಸಿಬಿಡುವವಳು ಹುಡುಕುವದಿಲ್ಲ. ತೋರಿಸಿದಂತೆ ಎಳೆಯುವವಳು ಯೋಚಿಸುವದಿಲ್ಲ. ಆಗ ಗೆದ್ದದ್ದು ಯಂತ್ರವೇ ಹೊರತು ನಮ್ಮ ಮಗಳಲ್ಲ. ಇದಲ್ಲದೆ, ಯಂತ್ರವು ಸೋತರೆ ಅದಕ್ಕೆ ದುಃಖವಿಲ್ಲ. ಸೋತ ಗೆಳತಿಯ ಮುಖವನ್ನು ನೋಡಿ ತನ್ನ ಹಿಗ್ಗನ್ನು ಅಡಗಿಸಿಕೊಳ್ಳುವ ಸೌಜನ್ಯವನ್ನು ಯಂತ್ರದ ಮುಂದೆ ಕಲಿಯುವದು ಹೇಗೆ?

ಇದನ್ನು ಓದಿ ಮಗಳ ಕೈಯಿಂದ ಮೊಬೈಲನ್ನು ಕಸಿಯಲಿಕ್ಕೆ ಯಾರೂ ಆತುರಪಡಬಾರದು. ಒಂದೇ ಮನೆಯಲ್ಲಿ ಮಗನು ಆಡಿದರೆ ಬುದ್ಧಿ ಚುರುಕಾಗುವದೆಂದೂ, ಮಗಳು ಆಡಿದರೆ ಹೊತ್ತು ಹಾಳೆಂದೂ ಹೇಳುವವರು ಇನ್ನೂ ಇದ್ದಾರೆ. ಪಾತ್ರೆಗಳು ತೊಳೆಯದೆ ಬಿದ್ದಿರುವಾಗ ಅವಳೊಬ್ಬಳಿಗೇ ಕರೆ ಬರುವದು. ಹೆಣ್ಣುಮಕ್ಕಳ ಬುದ್ಧಿಯೂ ದೇವರು ಕೊಟ್ಟ ತಲಾಂತೇ, ಅದನ್ನು ಹೂಳಿಡತಕ್ಕದ್ದಲ್ಲವೆಂಬ ನಂಬಿಕೆಯಿಂದ ನಡೆಯುವ ಶಾಲೆಯ ಸಂಚಿಕೆಯಲ್ಲಿ ಈ ಪಕ್ಷಪಾತವನ್ನು ಎತ್ತಿ ಹೇಳದಿರುವದು ತಪ್ಪಾದೀತು. ಮನೆಯ ಕೆಲಸವೂ ಆಟದ ಬಿಡುವೂ ಇಬ್ಬರಿಗೂ ಸಮನಾಗಿರಲಿ.

ನಮ್ಮ ಸಲಹೆಯು ಇಷ್ಟೇ. ಆಟವನ್ನು ಮೊದಲು ಕಾಗದದ ಮೇಲೆ, ಮನೆಯವರೊಡನೆ ಕಲಿಸಿರಿ. 16 ಚುಕ್ಕಿಗಳಿಂದ ಆರಂಭಿಸಿದರೆ ಒಂಬತ್ತೇ ಚೌಕಗಳು. ಕಾಲು ಗಂಟೆಯೂ ಬೇಕಾಗದು. ಮೊಬೈಲಿನಲ್ಲಿ ಆಡುವಾಗ ಆ ಎರಡು ಗುಂಡಿಗಳನ್ನು ಮುಟ್ಟಕೂಡದೆಂಬ ಕಟ್ಟಳೆಯನ್ನು ಮಾಡಿರಿ. ಮಗಳು ಸೋತು ಬಂದರೆ, "ಎಷ್ಟು ಹೊತ್ತು ಆಡಿದೆ?" ಎಂದು ಕೇಳುವದಕ್ಕೆ ಮುಂಚೆ, "ಎಲ್ಲಿ ಸೋತೆ, ಅಮ್ಮಾ?" ಎಂದು ಕೇಳಿರಿ. ಅದಕ್ಕೆ ಅವಳು ವಿಚಾರಿಸಿ ಉತ್ತರಕೊಡಲು ಶಕ್ತಳಾದರೆ, ಆಡಿದ್ದು ಕಾಗದದ ಮೇಲೋ ಗಾಜಿನ ಮೇಲೋ ಎಂಬ ಚಿಂತೆಯನ್ನು ನೀವು ಬಿಟ್ಟುಬಿಡಬಹುದು.